ಹಳೆಯ ಮಂಚ, ಉಳಿಯುವ ಮರ

(ಮಲೆನಾಡಿನ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡನ್ನು ಉಳಿಸುವ ಮಾತು ಬಂದಾಗಲೆಲ್ಲ ಕೊಡಲಿಯ ಬಗ್ಗೆ, ಗುತ್ತಿಗೆದಾರರ ಬಗ್ಗೆ, ಇಲಾಖೆಯ ಬಗ್ಗೆ ಚರ್ಚೆ ನಡೆಯುತ್ತದೆ. ಕಡಿದ ಮರ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅದು ಸೇರುವುದು ಮನೆಯೊಳಕ್ಕೆ. ಬಾಗಿಲಾಗಿ, ಮಂಚವಾಗಿ, ಮೇಜಾಗಿ, ಕಪಾಟಾಗಿ. 1983 ರ ಸೆಪ್ಟೆಂಬರ್ 8 ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳವಳಿಯ ಆ ದಿನ ರಕ್ಷಣೆಗೆ ನಿಂತದ್ದು ಬೆಳೆದು ನಿಂತ ಮರ. ಈಗಾಗಲೇ ಕಡಿದು, ಕೊಯ್ದು, ಮನೆಯೊಳಗೆ ನಿಂತಿರುವ ಮರಕ್ಕೂ ಒಂದು ರಕ್ಷಣೆ ಬೇಕಲ್ಲವೇ? ಅಂತರಜಾಲದಲ್ಲಿ ಬಳಸಿದ ಪೀಠೋಪಕರಣಗಳನ್ನು ಹುಡುಕಿ ಕೊಳ್ಳುವ ವಿಚಾರ ಇಲ್ಲಿ ಪ್ರಸ್ತುತವಾಗುವುದು ಈ ಕಾರಣದಿಂದ.

ಮರದ ಲೆಕ್ಕ

ನೆಡುತೋಪಿನ ತೇಗವನ್ನು ಸಾಮಾನ್ಯವಾಗಿ 50 ರಿಂದ 80 ವರ್ಷ ಬೆಳೆಸಿ ಕಡಿಯುತ್ತಾರೆ. ಬೀಟೆ ಇನ್ನೂ ನಿಧಾನ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. 60 ಕಿಲೋ ತೂಗುವ ಒಂದು ತೇಗದ ಮಂಚದಲ್ಲಿ ಹೆಚ್ಚುಕಡಿಮೆ 30 ಕಿಲೋ ಇಂಗಾಲ ಅಡಗಿದೆ. ಆ ಮಂಚವನ್ನು ಒಡೆದು ಒಲೆಗೆ ಹಾಕಿದರೆ ಅದು 110 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಮಂಚ ಇನ್ನೊಂದು ಮನೆಯಲ್ಲಿ ಇನ್ನೊಂದು ತಲೆಮಾರು ಬಾಳಿದರೆ ಇಂಗಾಲವೂ ಅಲ್ಲೇ ಉಳಿಯುತ್ತದೆ, ಹೊಸ ಮಂಚಕ್ಕಾಗಿ ಇನ್ನೊಂದು ಮರವನ್ನು ಉರುಳಿಸುವ ಅಗತ್ಯವೂ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕವೇ ನಿದರ್ಶನ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳ ಪ್ರಕಾರ 2018 ರ ಒಂದೇ ವರ್ಷ 1.21 ಕೋಟಿ ಟನ್ ಪೀಠೋಪಕರಣ ಮತ್ತು ಗೃಹಸಜ್ಜಿಕೆ ಕಸವಾಯಿತು. ಅದರಲ್ಲಿ ಶೇಕಡಾ 80 ರಷ್ಟನ್ನು ನೆಲದಲ್ಲಿ ಹೂಳಲಾಯಿತು. ಉಳಿದದ್ದರಲ್ಲಿ ಬಹುಪಾಲು ಸುಟ್ಟುಹೋಯಿತು. ಮರುಬಳಕೆಗೆ ಒದಗಿದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಘಟ್ಟದ ಎರಡು ದಿಕ್ಕಿನ ಸಾಗಾಟ

ಮಲೆನಾಡಿನಲ್ಲಿ ಈಗ ವಿಚಿತ್ರವಾದ ಒಂದು ಸಾಗಾಟ ನಡೆದಿದೆ. ಹಳೆಯ ಮನೆಗಳು ಬಿದ್ದುಹೋಗುತ್ತಿವೆ ಅಥವಾ ಬಿಚ್ಚಿ ಮಾರಾಟವಾಗುತ್ತಿವೆ. ಬೀಟೆಯ ಪೆಟ್ಟಿಗೆ, ಹಲಸಿನ ಬಾಗಿಲು, ಬೆತ್ತದ ಕುರ್ಚಿ, ಹಿತ್ತಾಳೆಯ ದೀಪಗಳು ಮಧ್ಯವರ್ತಿಗಳ ಕೈ ಸೇರಿ ನಗರಗಳಿಗೆ ಇಳಿಯುತ್ತವೆ. ಅದೇ ಮನೆಯ ಮಕ್ಕಳು ಓದಿಗೆ, ಉದ್ಯೋಗಕ್ಕೆ ಬೆಂಗಳೂರನ್ನೋ ಮಂಗಳೂರನ್ನೋ ಸೇರಿ ಬಾಡಿಗೆ ಕೋಣೆಗೆ ಪುಡಿಹಲಗೆಯ ಮೇಜು, ಕಪಾಟುಗಳನ್ನು ಕೊಳ್ಳುತ್ತಾರೆ. ಕೆಲವರು ಅವನ್ನೇ ಊರಿಗೂ ತರುತ್ತಾರೆ.

ಈ ಪುಡಿಹಲಗೆ ಎಂದರೆ ಮರದ ಚೂರುಗಳನ್ನು ಅಂಟಿನೊಡನೆ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒಳಗೆ ನೀರು ಹೊಕ್ಕರೆ ಅದು ಉಬ್ಬುತ್ತದೆ, ಉಬ್ಬಿದ ಮೇಲೆ ತಿರುಪು ಹಿಡಿಯುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ತೇವದಲ್ಲಿ ಇಂಥ ಕಪಾಟು ಎಷ್ಟು ಮಳೆಗಾಲ ನಿಂತೀತು? ಈ ಹಲಗೆಗಳಿಗೆ ಹೆಚ್ಚಾಗಿ ಬಳಸುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004 ರಲ್ಲಿ ನಿರ್ಣಯಿಸಿತು. ಹಲಗೆ ಹೊಸದಿರುವಾಗ ಈ ಅನಿಲ ಹೆಚ್ಚು ಹೊರಬರುತ್ತದೆ. ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಹಾಗಾಗಿ ಪುಡಿಹಲಗೆಯದನ್ನೇ ಕೊಳ್ಳಬೇಕಾದ ಸಂದರ್ಭದಲ್ಲೂ ನಾಲ್ಕಾರು ವರ್ಷ ಬಳಸಿದ್ದು ಹೊಸದಕ್ಕಿಂತ ಮೇಲು.

ಅಂತರಜಾಲದ ಸಂತೆ

ಹಳೆಯ ಸಾಮಾನಿನ ಸಂತೆ ಹೊಸದೇನಲ್ಲ. ಮುಂಬಯಿಯ ಚೋರ್ ಬಜಾರ್, ದೆಹಲಿಯ ಅಮರ್ ಕಾಲೊನಿ, ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳು ಎಲ್ಲರಿಗೂ ಗೊತ್ತಿರುವಂಥವು. ಅಂತರಜಾಲ ಮಾಡಿದ್ದು ಇಷ್ಟೇ: ನಡುವಿನ ಅಂಗಡಿಯನ್ನು ತೆಗೆದು, ಮಾರುವ ಮನೆಯನ್ನೂ ಕೊಳ್ಳುವ ಮನೆಯನ್ನೂ ಎದುರುಬದುರು ನಿಲ್ಲಿಸಿತು. ಅಮೆರಿಕದ ಕ್ರೇಗ್ಸ್‌ಲಿಸ್ಟ್ 1995 ರಲ್ಲಿ ಆರಂಭವಾಯಿತು. ಬಳಸಿದ ವಸ್ತುಗಳನ್ನು ಉಚಿತವಾಗಿ ದಾಟಿಸುವ ಫ್ರೀಸೈಕಲ್ ಎಂಬ ಜಾಲ 2003 ರಲ್ಲಿ ಅರಿಜೋನಾದ ಟಕ್ಸನ್ ನಗರದಲ್ಲಿ ಹುಟ್ಟಿತು. ಓಎಲ್‌ಎಕ್ಸ್ ಶುರುವಾದದ್ದು 2006 ರಲ್ಲಿ. ಫೇಸ್‌ಬುಕ್ ತನ್ನ ಮಾರ್ಕೆಟ್‌ಪ್ಲೇಸ್ ಅನ್ನು 2016 ರಲ್ಲಿ ತೆರೆಯಿತು. ಇವುಗಳ ಜೊತೆಗೆ ಬೆಂಗಳೂರಿನಲ್ಲೇ ಹುಟ್ಟಿದ ಫರ್ಲೆಂಕೊ, ರೆಂಟೊಮೊಜೊದಂಥ ಕಂಪನಿಗಳು ಪೀಠೋಪಕರಣಗಳನ್ನು ಬಾಡಿಗೆಗೆ ಕೊಡುತ್ತವೆ. ಎರಡೇ ವರ್ಷದ ಓದಿಗೆಂದು ಹೋಗುವ ವಿದ್ಯಾರ್ಥಿ ಕೊಳ್ಳುವ ಮೊದಲು ಬಾಡಿಗೆಯ ಲೆಕ್ಕವನ್ನೂ ಹಾಕಿ ನೋಡಬೇಕು.

ಒಳ್ಳೆಯ ವಸ್ತು ಕಡಿಮೆ ಬೆಲೆಗೆ ಸಿಗುವುದು ಮಾರುವವರಿಗೆ ಅವಸರವಿದ್ದಾಗ. ನಗರಗಳಲ್ಲಿ ಬಾಡಿಗೆದಾರರು ಮನೆ ಖಾಲಿ ಮಾಡುವುದು ಹೆಚ್ಚಾಗಿ ತಿಂಗಳ ಕೊನೆಗೆ. ಶಾಲೆಯ ವರ್ಷ ಮುಗಿದ ಮೇಲೆ ವರ್ಗಾವಣೆ, ಊರು ಬದಲಾವಣೆಗಳು ಹೆಚ್ಚು. ಹುಡುಕುವಾಗ ‘ಮೇಜು’ ಎಂದಷ್ಟೇ ಹುಡುಕದೆ ಮರದ ಹೆಸರಿನಿಂದಲೂ, ತಪ್ಪು ಕಾಗುಣಿತದಿಂದಲೂ ಹುಡುಕುವುದು ಜಾಣತನ. ತಪ್ಪಾಗಿ ಬರೆದ ಜಾಹೀರಾತು ಕಡಿಮೆ ಜನರ ಕಣ್ಣಿಗೆ ಬೀಳುತ್ತದೆ, ಅಲ್ಲಿ ಪೈಪೋಟಿಯೂ ಕಡಿಮೆ.

ಪದಗಳ ಒಳಗುಟ್ಟು

ಈ ಸಂತೆಯ ಭಾಷೆಯನ್ನು ಅರಿಯದಿದ್ದರೆ ಮೋಸ ಖಂಡಿತ. ‘ಟೀಕ್ ಫಿನಿಶ್’ ಎಂದರೆ ತೇಗವಲ್ಲ. ತೇಗದ ಬಣ್ಣ ಮಾತ್ರ. ‘ಎಂಜಿನಿಯರ್ಡ್ ವುಡ್’ ಎಂದರೆ ಪುಡಿಹಲಗೆ, ಎಂಡಿಎಫ್ ಅಥವಾ ಪ್ಲೈವುಡ್ ಯಾವುದೂ ಆಗಬಹುದು. ‘ಸಾಲಿಡ್ ವುಡ್’ ಎಂದಾಗ ಯಾವ ಮರ ಎಂದು ಕೇಳಲೇಬೇಕು. ಉತ್ತರ ಭಾರತದ ಶೀಶಮ್ ಮರವನ್ನು ಹಲವರು ‘ರೋಸ್‌ವುಡ್’ ಎಂದೇ ಮಾರುತ್ತಾರೆ. ಅದು ಬೀಟೆಯ ಹತ್ತಿರದ ನೆಂಟನೇ ಹೊರತು ಬೀಟೆಯಲ್ಲ. ಬೀಟೆ ಮತ್ತು ಶೀಶಮ್ ಎರಡೂ ಸೇರಿರುವ ಡಾಲ್ಬರ್ಜಿಯಾ ಕುಲವನ್ನು ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದ 2017 ರ ಜನವರಿಯಿಂದ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದೆ. ಅಷ್ಟು ಅಪಾಯದಲ್ಲಿರುವ ಮರ ಹಳೆಯ ಪೆಟ್ಟಿಗೆಯ ರೂಪದಲ್ಲಿ ಅಟ್ಟದ ಮೇಲೆ ಕೂತಿದ್ದರೆ ಅದರ ಬೆಲೆಯನ್ನು ಮನೆಯವರು ಮೊದಲು ತಿಳಿಯಬೇಕು.

ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ

ಚಿತ್ರ ನೋಡಿ ಮಾತಾಡಬಹುದು. ವಸ್ತು ನೋಡದೆ ಹಣ ಕೊಡಬಾರದು. ಮೇಜನ್ನು ಬೋರಲು ಹಾಕಿ ನೋಡಿದರೆ ಅದರ ನಿಜ ತಿಳಿಯುತ್ತದೆ. ಅಡಿಭಾಗದಲ್ಲೂ ಹಲಗೆಯ ತುದಿಯಲ್ಲೂ ಮರದ ಎಳೆ ಮುಂದುವರಿದಿದ್ದರೆ ಅದು ಅಪ್ಪಟ ಮರ. ತುದಿಯಲ್ಲಿ ಪಟ್ಟಿ ಅಂಟಿಸಿದ್ದರೆ, ಒಳಗೆ ಚೂರುಗಳು ಕಂಡರೆ ಅಲ್ಲ. ಒಂದು ಮರದ ನಾಲಿಗೆಯನ್ನು ಇನ್ನೊಂದರ ತೂತಿಗೆ ಸೇರಿಸಿ ಗೂಟ ಹೊಡೆದ ಜೋಡಣೆಯನ್ನು ಬಿಚ್ಚಿ ಮತ್ತೆ ಬಿಗಿ ಮಾಡಬಹುದು. ಅಲುಗಾಡುತ್ತದೆ ಎಂಬ ಕಾರಣಕ್ಕೆ ಅಂಥ ಕುರ್ಚಿಯನ್ನು ಬಿಡಬೇಕಾಗಿಲ್ಲ. ಬೆಲೆ ಇಳಿಸಲು ಅದೇ ಕಾರಣವಾಗುತ್ತದೆ. ಬೆತ್ತ ಹರಿದ ಕುರ್ಚಿಯೂ ಹಾಗೆಯೇ. ಚೌಕಟ್ಟು ಗಟ್ಟಿಯಿದ್ದರೆ ಹೊಸ ಬೆತ್ತ ನೇಯಿಸಬಹುದು.

ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ಹುಳು ಇನ್ನೂ ಒಳಗಿದೆ ಎಂದು ಅರ್ಥ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಮರದ ಮನೆಗಳಿರುವ ಊರಿಗೆ ಇವನ್ನು ಕೈಯಾರೆ ತರುವುದು ಕೇಡನ್ನು ಆಹ್ವಾನಿಸಿದಂತೆ. ಬಳಸಿದ ಹಾಸಿಗೆ, ಬಟ್ಟೆ ಹೊದಿಸಿದ ಸೋಫಾಗಳ ಹೊಲಿಗೆಯ ಸಂದಿಯಲ್ಲಿ ತಿಗಣೆ ಅಡಗಿರುತ್ತದೆ. ಅವನ್ನು ಬಿಡುವುದೇ ಕ್ಷೇಮ.

ಬಣ್ಣ ಬಳಿದ ಹಳೆಯ ತೊಟ್ಟಿಲು, ಮಕ್ಕಳ ಮಂಚಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017 ರ ನವೆಂಬರ್ 1 ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣ ಮರಳುಕಾಗದದಿಂದ ಉಜ್ಜಿದರೆ ವಿಷದ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು.

ಅಲಂಕಾರದ ವಸ್ತುಗಳಲ್ಲಿ ಹಿತ್ತಾಳೆಯದೆಂದು ಮಾರುವ ದೀಪಕ್ಕೆ ಸಣ್ಣ ಅಯಸ್ಕಾಂತ ಹಿಡಿಯಬೇಕು. ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ, ಮೇಲಿನದು ಲೇಪ ಮಾತ್ರ.

ಹೊರಡುವ ಮೊದಲು ಮನೆಯ ಬಾಗಿಲು, ಮೆಟ್ಟಿಲುಗಳ ಅಳತೆ ಬರೆದಿಟ್ಟುಕೊಳ್ಳಬೇಕು. ಗೂಡ್ಸ್ ಆಟೋ ಬಾಡಿಗೆ, ಹೊರುವವರ ಕೂಲಿ, ಬಡಗಿಯ ದುರಸ್ತಿ ಇವೆಲ್ಲ ಸೇರಿದ ಮೊತ್ತವೇ ನಿಜವಾದ ಬೆಲೆ. ಊರಿಗೆ ತರುವುದಾದರೆ, ಮಾಲು ಇಳಿಸಿ ಖಾಲಿಯಾಗಿ ಮರಳುವ ಲಾರಿಯನ್ನು ವಿಚಾರಿಸಿದರೆ ಖರ್ಚೂ ಡೀಸೆಲ್ಲೂ ಉಳಿಯುತ್ತವೆ.

ಹಣದ ಎಚ್ಚರ

ಈ ಸಂತೆಯಲ್ಲಿ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚಾಗಿ ಮೋಸ ಹೋಗುವ ಒಂದು ಬಗೆಯಿದೆ. ಹಳೆಯ ಮೇಜಿನ ಜಾಹೀರಾತು ಹಾಕಿದ ಸ್ವಲ್ಪ ಹೊತ್ತಿಗೇ ಯಾರೋ ಕರೆ ಮಾಡುತ್ತಾರೆ. ಸೇನೆಯಲ್ಲಿದ್ದೇನೆ ಎನ್ನುತ್ತಾರೆ, ಚೌಕಾಸಿಯಿಲ್ಲದೆ ಒಪ್ಪುತ್ತಾರೆ, ಮುಂಗಡ ಕಳಿಸುವೆನೆಂದು ಒಂದು ಕ್ಯೂಆರ್ ಸಂಕೇತ ಕಳಿಸಿ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳುತ್ತಾರೆ. ಪಿನ್ ಒತ್ತಿದ ಕೂಡಲೇ ಹಣ ಬರುವ ಬದಲು ಹೋಗುತ್ತದೆ. ನೆನಪಿಡಬೇಕಾದ ಸೂತ್ರ ಒಂದೇ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ, ಪಿನ್ ಕೇಳಿದರೆ ಅದು ಹಣ ಕೊಡುವ ವ್ಯವಹಾರ. ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಮಾರುವ ಮನೆಗಳಿಗೆ

ಹಳ್ಳಿಯ ಮನೆಗಳು ಮಾರುವ ಮೊದಲು ಅದೇ ಅಂತರಜಾಲದಲ್ಲಿ ಅಂಥದೇ ವಸ್ತುವಿಗೆ ನಗರದಲ್ಲಿ ಎಷ್ಟು ಕೇಳುತ್ತಿದ್ದಾರೆ ಎಂದು ನೋಡಿಕೊಳ್ಳಲಿ. ಮನೆಯ ಕಾಲೇಜು ಹುಡುಗಿ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ ಅದು. ಬಾಗಿಲಿಗೆ ಬರುವ ಮಧ್ಯವರ್ತಿಯ ಬಲವಿರುವುದು ಮನೆಯವರಿಗೆ ಬೆಲೆ ಗೊತ್ತಿಲ್ಲದಿರುವುದರಲ್ಲಿ.

ಕಾನೂನಿನ ಎರಡು ಮಾತೂ ತಿಳಿದಿರಬೇಕು. ಬಿಚ್ಚಿದ ಮನೆಯ ಕಂಬ, ತೊಲೆಗಳನ್ನು ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ರಹದಾರಿಯ ಬಗ್ಗೆ ವಿಚಾರಿಸಬೇಕು. ನೂರು ವರ್ಷಕ್ಕೂ ಹಳೆಯದಾದ, ಕಲೆಯ ಅಥವಾ ಇತಿಹಾಸದ ಮಹತ್ವವುಳ್ಳ ವಸ್ತುಗಳು 1972 ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಮಾರದೆ ಉಳಿಸುವ ದಾರಿಯೂ ಇದೆ. ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಕಟ್ಟಿದರು. ಅವರು 2017 ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಎಲ್ಲ ಊರಿಗೂ ಅಂಥ ಕೆಲಸ ಸಾಧ್ಯವಾಗದು. ಆದರೆ ಇದ್ದ ಮಂಚವನ್ನು ದುರಸ್ತಿ ಮಾಡಿಸಿ ಮಗಳ ಬಾಡಿಗೆ ಕೋಣೆಗೆ ಕಳಿಸುವುದು ಎಲ್ಲ ಮನೆಗೂ ಸಾಧ್ಯ.

ಅಗ್ಗವೆಂಬ ಆಮಿಷ

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯದನ್ನು ಕೊಳ್ಳುವುದೆಲ್ಲವೂ ಪರಿಸರಪ್ರೇಮವಲ್ಲ. ಅಗ್ಗವಾಗಿ ಸಿಕ್ಕಿತೆಂದು ಬೇಡದ ಮೂರು ಕುರ್ಚಿ ತಂದರೆ ಅದು ಕೊಳ್ಳುಬಾಕ ಸಂಸ್ಕೃತಿಯ ಇನ್ನೊಂದು ಮುಖ. ಬಳಸಿದ್ದನ್ನು ಸುಲಭವಾಗಿ ಮಾರಬಹುದೆಂಬ ಧೈರ್ಯದಿಂದ ನಗರದವರು ವರ್ಷಕ್ಕೊಮ್ಮೆ ಸೋಫಾ ಬದಲಿಸಿದರೆ ಕಾಡಿಗೆ ಯಾವ ಲಾಭವೂ ಇಲ್ಲ. ಹೊಸದರ ಬದಲಿಗೆ ಹಳೆಯದು ಬಂದಾಗ ಮಾತ್ರ ಒಂದು ಮರ ಉಳಿಯುತ್ತದೆ. ಹೊಸದರ ಜೊತೆಗೆ ಹಳೆಯದೂ ಬಂದರೆ ಮನೆ ತುಂಬುತ್ತದೆ, ಅಷ್ಟೇ.

1996 ರ ಡಿಸೆಂಬರ್ 12 ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಡಿನ ಕಡಿತಕ್ಕೆ ಬಿಗಿ ಕಡಿವಾಣ ಹಾಕಿತು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಹೊರದೇಶದ ದಿಮ್ಮಿಗಳು ಬಂದರುಗಳಿಗೆ ಬಂದವು. ಮ್ಯಾನ್ಮಾರ್ 2014 ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ನ್ಯಾಯಾಲಯ ಒಂದು ಕಾಡನ್ನು ಕಾಯಬಹುದು. ಬೇಡಿಕೆ ಇಳಿಯದಿದ್ದರೆ ಕೊಡಲಿ ಇನ್ನೊಂದು ಕಾಡಿಗೆ ಹೋಗುತ್ತದೆ. ಆ ಬೇಡಿಕೆಯನ್ನು ಇಳಿಸುವ ಕೆಲಸ ಮನೆಗಳದು.

ಆದ್ದರಿಂದ ಈ ಸಭೆಯ ಮುಂದೆ ಮೂರು ಸಲಹೆಗಳು. ಒಂದು, ಪ್ರತಿ ಊರಿನ ವಿದ್ಯಾರ್ಥಿಗಳು ಅಟ್ಟ, ಕೊಟ್ಟಿಗೆಗಳಲ್ಲಿ ಬಿದ್ದಿರುವ ಮರದ ಸಾಮಾನುಗಳ ಪಟ್ಟಿ ಮಾಡಿ, ಚಿತ್ರ ತೆಗೆದು, ಮರದ ಹೆಸರು ಬರೆದಿಡಲಿ. ಎರಡು, ಹೊರಗಿನವರಿಗೆ ಮಾರುವ ಮೊದಲು ಆ ಪಟ್ಟಿ ಊರವರ ಕೈಗೂ, ನಗರ ಸೇರಿರುವ ಊರಿನ ಮಕ್ಕಳ ಮೊಬೈಲಿಗೂ ತಲುಪಲಿ. ಮೂರು, ದುರಸ್ತಿ ಬಲ್ಲ ಆಚಾರಿಗಳ ಬಳಿ ಇಬ್ಬರು ಹುಡುಗರಾದರೂ ಕೆಲಸ ಕಲಿಯಲಿ. ದುರಸ್ತಿ ಮಾಡುವ ಕೈ ಇಲ್ಲವಾದರೆ ಬೀಟೆಯ ಮಂಚವೂ ಸೌದೆಯೇ.