ಮಾರ್ನಿಂಗ್ಟನ್ ಪ್ರಭುವಿನ ಮನೆತನ

ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೀವು ನೋಡಿದ್ದರೆ, ಕೋಟೆ ಬಿದ್ದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅಲ್ಲಿ ವಾಸವಾಗಿದ್ದನೆಂಬುದನ್ನು ಕೇಳಿರಬಹುದು. ಆ 1799ರಲ್ಲಿ ಅವನಣ್ಣ ರಿಚರ್ಡ್ ಗವರ್ನರ್ ಜನರಲ್. ತಮ್ಮ ಹೆನ್ರಿ ಅಣ್ಣನ ಕಾರ್ಯದರ್ಶಿ. ಈ ಮೂವರ ತಂದೆ ಎಂಥವನು? ರಣಧೀರನೆಂದು ಊಹಿಸಿದರೆ ತಪ್ಪಾದೀತು. ಆತ ಪಿಟೀಲುಗಾರ.

ಹೆಸರು ಗ್ಯಾರೆಟ್ ವೆಸ್ಲಿ. 1735ರಲ್ಲಿ ಹುಟ್ಟಿದವನು. ಊರು ಐರ್ಲೆಂಡಿನ ಮೀತ್ ಪ್ರಾಂತದ ಡ್ಯಾಂಗನ್. ಹಿರಿಯರು ಇಂಗ್ಲೆಂಡಿನಿಂದ ಬಂದು ನೆಲಸಿದವರು. ಅಂದಿನ ಐರ್ಲೆಂಡಿನಲ್ಲಿ ನೆಲದೊಡೆಯರು ಬಹುಮಟ್ಟಿಗೆ ಇಂತಹ ಪ್ರಾಟೆಸ್ಟಂಟರು, ಉಳುವವರು ಕ್ಯಾಥೊಲಿಕರು. ಉಳುವವನ ಮತದವರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕೂ ಇರಲಿಲ್ಲ. ಗ್ಯಾರೆಟ್ಟನ ತಂದೆಯ ಮನೆತನದ ಹೆಸರು ಕಾಲಿ. 1728ರಲ್ಲಿ ಮಕ್ಕಳಿಲ್ಲದ ಬಂಧುವೊಬ್ಬನ ಆಸ್ತಿ ಕೈಸೇರಿತು. ಅದರೊಡನೆ ವೆಸ್ಲಿ ಎಂಬ ಹೆಸರನ್ನೂ ಆತ ಇಟ್ಟುಕೊಂಡ. ನಮ್ಮಲ್ಲಿ ದತ್ತು ಹೋದವರ ಹಾಗೆಂದು ತಿಳಿಯಿರಿ.

ಗ್ಯಾರೆಟ್ಟನಿಗೆ ಬಾಲ್ಯದಿಂದಲೂ ಸಂಗೀತದ ಗೀಳು. 1757ರಲ್ಲಿ ಡಬ್ಲಿನ್ನಿನಲ್ಲಿ ಸಂಗೀತ ಸಭೆಯೊಂದನ್ನು ಕಟ್ಟಿದ. ಬಡವರ ಸಹಾಯಾರ್ಥ ಕಚೇರಿ ನಡೆಸಿದ. 1760ರಲ್ಲಿ ಮಾರ್ನಿಂಗ್ಟನ್ನಿನ ಅರ್ಲ್ ಪದವಿ ಬಂತು. 1764ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಮೊದಲ ಸಂಗೀತ ಪ್ರಾಧ್ಯಾಪಕನಾದ. ಪ್ರಭುವೊಬ್ಬ ಪಾಠದ ಪೀಠಕ್ಕೆ ಒಪ್ಪಿದ್ದು, ಮೇಷ್ಟರಾದ ನನಗಂತೂ ಸಂತೋಷದ ಸಂಗತಿ!

ಆದರೆ ಜಮಾಖರ್ಚು ಮಾತ್ರ ಅವನಿಗೆ ಒಲಿಯಲಿಲ್ಲ. 1781ರಲ್ಲಿ ಲಂಡನ್ನಿನಲ್ಲಿ ಕಣ್ಣುಮುಚ್ಚಿದಾಗ ಉಳಿದದ್ದು ಸಾಲ. ಹಿರಿಯ ಮಗ ರಿಚರ್ಡ್ ಇಪ್ಪತ್ತು ತುಂಬಿದ ಹುಡುಗ. ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೆ ಬಿಟ್ಟು ತಂದೆಯ ಋಣವನ್ನು ತಲೆಯ ಮೇಲೆ ಹೊತ್ತುಕೊಂಡ. ಆರ್ಥರನನ್ನು ಹಣವಿಲ್ಲದೆ ಈಟನ್ ಶಾಲೆಯಿಂದ ಬಿಡಿಸಬೇಕಾಯಿತು. ತಾಯಿ ಆ್ಯನ್ ಮಗನೊಡನೆ, ಖರ್ಚು ಕಡಮೆಯೆಂದು, ಬ್ರಸೆಲ್ಸಿಗೆ ಹೋದಳು. ಈ ಮಂಕು ಹುಡುಗನಿಗೆ ಸೈನ್ಯವೇ ಸಾಕೆಂದು ಅವಳ ತೀರ್ಮಾನ. ತಂದೆಯ ಪಿಟೀಲು ಒಲಿದದ್ದು ಇವನಿಗೇ. ಮದುವೆಯಾಗಬೇಕೆಂದಿದ್ದ ಹೆಣ್ಣನ್ನು ಅವಳ ಮನೆಯವರು ಕೊಡಲೊಪ್ಪದಿದ್ದಾಗ, 1793ರಲ್ಲಿ, ಆ ವಾದ್ಯವನ್ನು ಬೆಂಕಿಗೆ ಹಾಕಿದನಂತೆ. ಆಮೇಲೆ ನುಡಿಸಲಿಲ್ಲ. ಆರು ವರ್ಷಕ್ಕೆ ಕಾವೇರಿಯ ದಡದಲ್ಲಿದ್ದ.

ಮುಂದೆ ಅವನೇ ವೆಲಿಂಗ್ಟನ್ ಡ್ಯೂಕ್. 1829ರಲ್ಲಿ ಪ್ರಧಾನಮಂತ್ರಿಯಾಗಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿಸಿದ. ಐರ್ಲೆಂಡಿನಲ್ಲಿ ದಂಗೆಯಾದೀತೆಂಬ ಅಂಜಿಕೆಯಿಂದಲೇ ಹೊರತು ಅಕ್ಕರೆಯಿಂದಲ್ಲ ಎನ್ನಬೇಕು. ತಾಯಿ 1831ರವರೆಗೂ ಬದುಕಿ, ನಾಲ್ವರು ಮಕ್ಕಳು ಪ್ರಭುಸಭೆಯಲ್ಲಿ ಕುಳಿತದ್ದನ್ನು ಕಂಡಳು.

ಡ್ಯಾಂಗನ್ ಮನೆಯನ್ನು ರಿಚರ್ಡ್ ಮಾರಿಬಿಟ್ಟ. ಮುಂದೆ ಅದು ಬೆಂಕಿಗೆ ಸಿಕ್ಕಿತು. ಈಗ ಬರಿಯ ಪಾಳುಗೋಡೆ. ಗ್ಯಾರೆಟ್ ಹಾಕಿಕೊಟ್ಟ ಒಂದು ಪ್ರಾರ್ಥನೆಯ ಮಟ್ಟನ್ನು ಮಾತ್ರ ಇಂಗ್ಲಿಷ್ ಇಗರ್ಜಿಗಳಲ್ಲಿ ಇಂದಿಗೂ ಹಾಡುತ್ತಾರೆ.