ರೇಸಿನ ಊರಿನಲ್ಲಿ ಪಗಾರ ಯಾರ ಕೈಯಲ್ಲಿ?

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದು ನಿಮಗೆ ನೆನಪಿರಬಹುದು. "ನಮ್ಮ ಹೊಟೇಲಿನ ಧನಿಗಳು ಆರು ತಿಂಗಳ ಸಂಬಳ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಕೇಳಿದರೆ, ಕೈಗೆ ಕೊಟ್ಟರೆ ನೀನು ಮಹಾಲಕ್ಷ್ಮಿಗೆ ಹೋಗಿ ಕುದುರೆಗೆ ಹಾಕುತ್ತೀ, ಊರಿಗೆ ಹೋಗುವಾಗ ಒಟ್ಟಿಗೆ ಕೊಡುತ್ತೇನೆ ಎನ್ನುತ್ತಾರೆ. ಅವರು ಹೇಳುವುದೂ ಸರಿಯಲ್ಲವೇ?" ಎಂದ. ಕೆಲವರು ನಕ್ಕರು. ಹುಡುಗ ರೇಸಿಗೆ ಹೋಗುವವನೆಂಬುದು ಎಲ್ಲರಿಗೂ ಗೊತ್ತು. ಅಂದು ನಾವು ತಡವರಿಸಿದೆವು. ಇಂದು ಉತ್ತರ ಕೊಡುತ್ತೇವೆ. ಆದರೆ ಸ್ವಲ್ಪ ಸುತ್ತು ದಾರಿಯಲ್ಲಿ, ಆಸ್ಟ್ರೇಲಿಯದ ಮೂಲಕ ಬರಬೇಕಾಗಿದೆ.

ಆ ದೇಶದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಪಶ್ಚಿಮದ ತುದಿಯಲ್ಲಿ, ಮರಳುಗಾಡಿನ ಅಂಚಿನಲ್ಲಿ, ಬರ್ಡ್ಸ್‌ವಿಲ್ ಎಂಬ ಸಣ್ಣ ಊರಿದೆ. ಅಲ್ಲಿ 1882ರಲ್ಲಿ ಮೊದಲ ಕುದುರೆ ಪಂದ್ಯ ನಡೆಯಿತು. 1884ರಲ್ಲಿ ಕಲ್ಲಿನ ಹೊಟೇಲು ಎದ್ದಿತು. 1901ರಲ್ಲಿ ಆಸ್ಟ್ರೇಲಿಯದ ಪ್ರಾಂತಗಳೆಲ್ಲ ಒಂದಾಗಿ ಗಡಿಯ ಸುಂಕ ನಿಂತಿತು. ಸುಂಕದ ಕಟ್ಟೆಯಿಂದ ಬದುಕುತ್ತಿದ್ದ ಊರು ಸೊರಗಿತು. ಪಂದ್ಯವೂ ಹೊಟೇಲೂ ಉಳಿದುಕೊಂಡವು. ಅಲ್ಲಿಯ ಹೊಟೇಲೆಂದರೆ ಇಡ್ಲಿ-ಸಾಂಬಾರಿನ ಜಾಗವೆಂದು ತಿಳಿಯಬೇಡಿ. ಮುಖ್ಯವಾಗಿ ಸಾರಾಯಿ, ಜೊತೆಗೆ ಊಟ, ಮಲಗಲು ಮಂಚ.

ಈ ಶತಮಾನದ್ದಲ್ಲ, ಹಿಂದಿನ ಶತಮಾನದ ಮೊದಲ ವರ್ಷಗಳ ಮಾತು. ಅಂಥ ಹಳ್ಳಿಗಾಡಿನ ಪಂದ್ಯಗಳು ನಮ್ಮ ಮಹಾಲಕ್ಷ್ಮಿಯ ಹಾಗಿರಲಿಲ್ಲ, ನಮ್ಮೂರ ಕಂಬಳದ ಹಾಗಿದ್ದವು. ಸೊಪ್ಪು ಹೊದಿಸಿದ ಚಪ್ಪರ, ಮಣ್ಣಿನ ಓಟದ ದಾರಿ. ಓಡುತ್ತಿದ್ದವು ದನ ಅಟ್ಟುವ ಕುದುರೆಗಳೇ. ನೂರಾರು ಮೈಲಿಯಿಂದ ಜನ ಕುದುರೆ ಏರಿ ಬರುತ್ತಿದ್ದರು. ವರ್ಷವಿಡೀ ಮನುಷ್ಯರ ಮುಖ ಕಾಣದವನಿಗೆ ಅದೊಂದೇ ಜಾತ್ರೆ. ಎಷ್ಟೋ ಕಡೆ ಒಂದು ಒಳ್ಳೆಯ ನಿಯಮವಿತ್ತು: ಪಂದ್ಯಕ್ಕೆ ಮೊದಲು ಕೆಲವು ವಾರ ಎಲ್ಲ ಕುದುರೆಗಳನ್ನೂ ಒಂದೇ ಬೇಲಿಯೊಳಗೆ ಬಿಟ್ಟು ಹುಲ್ಲು ಮಾತ್ರ ಮೇಯಿಸುವುದು. ಸಾಹುಕಾರನ ಕುದುರೆಗೆ ಧಾನ್ಯ ತಿನ್ನಿಸಿ ಕೊಬ್ಬಿಸುವಂತಿಲ್ಲ. ಕುದುರೆಗಳಿಗೆ ಸಮಾನತೆ ಅಷ್ಟು ಚೆನ್ನಾಗಿ ಏರ್ಪಾಡಾಗಿತ್ತು, ನೋಡಿ.

ಈಗ ದುಡ್ಡಿನ ದಾರಿ ನೋಡೋಣ. ದನ ಅಟ್ಟುವವನಿಗೂ ಕುರಿಯ ಉಣ್ಣೆ ಕತ್ತರಿಸುವವನಿಗೂ ವಾರದ ಪಗಾರವಿಲ್ಲ. ಕೆಲಸ ಮುಗಿದ ಮೇಲೆ ಒಟ್ಟು ಮೊತ್ತಕ್ಕೆ ಒಂದು ಚೆಕ್ಕು. ಆ ಕಾಡಿನಲ್ಲಿ ಬ್ಯಾಂಕು ಎಲ್ಲಿಂದ ಬರಬೇಕು? ಚೆಕ್ಕು ಮುರಿಸಲು ಇರುವವನು ಹೊಟೇಲಿನ ಮಾಲೀಕನೊಬ್ಬನೇ. ಎಷ್ಟೋ ಜನ ಚೆಕ್ಕನ್ನು ಅವನ ಕೈಗಿಟ್ಟು, "ಮುಗಿದಾಗ ಹೇಳಿ" ಎಂದು ಕುಡಿಯಲು ಕೂರುತ್ತಿದ್ದರು. ಲೆಕ್ಕ ಬರೆಯುವವನು ಮಾಲೀಕ. ಕುಡಿದವನಿಗೆ ಲೆಕ್ಕ ನೆನಪಿರುವುದಿಲ್ಲ. ಕೆಲವೇ ದಿನಗಳಲ್ಲಿ ಆರು ತಿಂಗಳ ದುಡಿಮೆ ಮುಗಿಯಿತೆಂದು ಹೇಳಿ, ದಾರಿಗೊಂದು ಶೀಸೆ ಕೊಟ್ಟು ಕಳಿಸುತ್ತಿದ್ದರು. ಇದಕ್ಕೆ ಅಲ್ಲಿ 'ಲ್ಯಾಂಬಿಂಗ್ ಡೌನ್' ಎಂದೇ ಹೆಸರು. ಕುರಿ ಈಯುವ ಕಾಲದ ಮಾತನ್ನು ಮನುಷ್ಯನಿಗೆ ಹಚ್ಚಿದ್ದು.

ಪಂದ್ಯದ ದಿನಗಳು ಇದಕ್ಕೆ ಸುಗ್ಗಿ. ಮೈದಾನದಲ್ಲಿ ಸಾರಾಯಿ ಮಾರುವ ಹಕ್ಕನ್ನು ಹರಾಜಿನಲ್ಲಿ ಹಿಡಿಯುವವರು ಹೊಟೇಲಿನವರೇ. ಒಂದು ಓಟದ ಹೆಸರೇ 'ಹೊಟೇಲು ಮಾಲೀಕರ ಥೈಲಿ'. ಗೆದ್ದವರಿಗೆ ದುಡ್ಡು ಚುಕ್ತಾ ಮಾಡುವುದು ಸಂಜೆ, ಹೊಟೇಲಿನಲ್ಲಿ. ಪಂದ್ಯದ ಹಿಂದಿನ ರಾತ್ರಿ ಅದೇ ಹೊಟೇಲಿನಲ್ಲಿ ಇನ್ನೊಂದು ಆಟ: ಚೀಟಿ ಎತ್ತಿ ಕುದುರೆಗಳನ್ನು ಹಂಚಿ, ಆಮೇಲೆ ಒಂದೊಂದು ಕುದುರೆಯನ್ನೂ ಕೂಗಿ ಹರಾಜು ಹಾಕುವುದು. ಇದಕ್ಕೆ ಅಲ್ಲಿನವರು ಇಂದಿಗೂ 'ಕಲ್ಕತ್ತಾ' ಎನ್ನುತ್ತಾರೆ. ಬ್ರಿಟಿಷರ ಕಾಲದ ನಮ್ಮ ಕಲ್ಕತ್ತೆಯಿಂದ ಹೋದ ಹೆಸರು. ನಮ್ಮ ದೇಶದಿಂದ ಅಲ್ಲಿಗೆ ಹೋದದ್ದು ಇದೊಂದೇ ಅಲ್ಲ. ಸಿಂಧ್, ಪಂಜಾಬ, ಬಲೂಚಿಸ್ತಾನಗಳಿಂದ ಒಂಟೆಯವರು ಹೋಗಿದ್ದರು. ಬರ್ಡ್ಸ್‌ವಿಲ್ಲಿಗೆ ಹಿಟ್ಟು, ತಗಡು, ಸಾಮಾನು ಮುಟ್ಟಿಸಿದ್ದು ಆ ಒಂಟೆಗಳು. ಎಲ್ಲರನ್ನೂ 'ಅಫ್ಘಾನರು' ಎಂದು ಕರೆದು, ರೈಲು ಮುಟ್ಟುವ ಮರೀ ಊರಿನಲ್ಲಿ ಹಳಿಯ ಆಚೆ ಬೇರೆ ಕೇರಿಯಲ್ಲಿಟ್ಟರು.

ಇಲ್ಲಿಯವರೆಗೆ ಕೇಳಿದರೆ, "ನೋಡಿ, ಪಗಾರ ಕೈಗೆ ಬಂದರೆ ಹೀಗೇ ಆಗುವುದು, ಧನಿಯೇ ಸರಿ" ಎಂದು ಯಾರಾದರೂ ಹೇಳಬಹುದು. ಹಾಗಾದರೆ ಅದೇ ಊರುಗಳಲ್ಲಿ ಇನ್ನೊಂದು ಬಗೆಯ ಕೂಲಿಯವರ ಕಥೆ ಕೇಳಿ.

ದನ ಅಟ್ಟುವ ಕೆಲಸದಲ್ಲಿ ಬಹಳಷ್ಟು ಜನ ಆ ನೆಲದ ಮೂಲನಿವಾಸಿಗಳು. ಅವರಿಗಾಗಿ ಕ್ವೀನ್ಸ್‌ಲ್ಯಾಂಡಿನಲ್ಲಿ 1897ರಲ್ಲಿ ಒಂದು ಕಾಯಿದೆ ಬಂತು. ಕಾಯಿದೆಗೆ 'ರಕ್ಷಣೆ'ಯ ಹೆಸರು. ಪ್ರತಿ ಜಿಲ್ಲೆಗೊಬ್ಬ ರಕ್ಷಕ. ಹೆಚ್ಚಿನ ಕಡೆ ಆತ ಪೊಲೀಸಿನವನೇ. ಇವರು ದುಡಿದ ಸಂಬಳದ ಬಹುಭಾಗ ಇವರ ಕೈಗೆ ಬರುತ್ತಿರಲಿಲ್ಲ, ರಕ್ಷಕನ ಹತ್ತಿರ ಜಮಾ ಆಗುತ್ತಿತ್ತು. ಕೈಖರ್ಚಿಗೆ ಚಿಲ್ಲರೆ. ತನ್ನದೇ ದುಡ್ಡು ತೆಗೆಯಲು ಅಪ್ಪಣೆ ಬೇಕು. ಕಾರಣ ಕೇಳಿದರೆ ಅದೇ ಹಾಡು: ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆ, ನಮ್ಮ ಹತ್ತಿರ ಜೋಪಾನವಾಗಿರುತ್ತದೆ. ಎಷ್ಟು ಜೋಪಾನವಾಗಿತ್ತೆಂದರೆ, 1939ರಿಂದ 1972ರವರೆಗಿನ ಅಂಥ ಸಂಬಳಕ್ಕಾಗಿ ಆ ಕಾರ್ಮಿಕರೂ ಅವರ ಮಕ್ಕಳೂ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2019ರಲ್ಲಿ ಸರಕಾರ 19 ಕೋಟಿ ಡಾಲರು ಕೊಡಲು ಒಪ್ಪಿತು. ಅಷ್ಟರಲ್ಲಿ ದುಡಿದವರಲ್ಲಿ ಬಹಳ ಮಂದಿ ತೀರಿಹೋಗಿದ್ದರು.

ಕುಡಿದು ಕಳೆದುಕೊಂಡವನಾದರೋ ಮುಂದಿನ ವರ್ಷ ಬುದ್ಧಿ ಕಲಿತು ಯೂನಿಯನ್ನಿನಲ್ಲಿ ಹೆಸರು ಬರೆಸಬಹುದಿತ್ತು. ಎಷ್ಟೋ ಜನ ಬರೆಸಿದರು ಕೂಡ. ಕೈಗೆ ದುಡ್ಡೇ ಕಾಣದವನು ತಾನು ಎಷ್ಟು ದುಡಿದೆನೆಂದು ಲೆಕ್ಕ ಹೇಳುವುದಾದರೂ ಹೇಗೆ?

ನಾವು ರೇಸಿನ ವಕಾಲತ್ತು ಮಾಡುತ್ತಿಲ್ಲ. ಕಪ್ಪು-ಬಶಿ ತೊಳೆಯುತ್ತಿದ್ದ ಕಾಲದಲ್ಲಿ ನಾವೂ ಅಲ್ಲಿ ಕೈ ಸುಟ್ಟುಕೊಂಡವರೇ. ಒಂದು ದೀಪಾವಳಿಗೆ ಊರಿಗೆ ಮನಿಯಾರ್ಡರ್ ಹೋಗಲಿಲ್ಲ. ಆದರೆ ಅದೇ ಕಾಲದಲ್ಲಿ ಒಬ್ಬ ಧನಿ ನಮ್ಮ ಹದಿನಾಲ್ಕು ತಿಂಗಳ ಸಂಬಳ 'ಜೋಪಾನ' ಮಾಡಿದ್ದರು. ತಾಯಿಗೆ ಕಾಯಿಲೆಯೆಂದು ಕಾಗದ ಬಂದ ದಿನ ಕೇಳಿದರೆ, ಒಡೆದ ಗ್ಲಾಸು, ರಜೆ, ಊಟದ ಖರ್ಚೆಂದು ಕಳೆದು ಮೂರು ತಿಂಗಳದ್ದು ಕೈಗಿಟ್ಟರು. ರೇಸಿನಲ್ಲಿ ಹೋದದ್ದು ಒಂದು ತಿಂಗಳದ್ದು. ಧನಿಯ ಗಲ್ಲೆಯಲ್ಲಿ ಹೋದದ್ದು ಹನ್ನೊಂದು ತಿಂಗಳದ್ದು. ಗಿರಣಿಯಲ್ಲಿ ದುಡಿದ ಹಿರಿಯರು ಪಗಾರದ ದಿನ ಗೇಟಿನಲ್ಲಿ ನಿಲ್ಲುತ್ತಿದ್ದ ಪಠಾಣನ ಕಥೆ ಹೇಳುತ್ತಾರೆ. ಅವನಿಗಾದರೂ ದುಡ್ಡು ಮೊದಲು ಕೆಲಸಗಾರನ ಕೈಗೆ ಬರುವುದನ್ನು ಕಾಯಬೇಕಾಗಿತ್ತು.

ಆದ್ದರಿಂದ ತಮ್ಮಾ, ನೀನು ರೇಸಿಗೆ ಹೋಗುವ ವಿಚಾರ ನಾವು ಬೇರೆಯಾಗಿ ಮಾತನಾಡೋಣ, ಅಣ್ಣ-ತಮ್ಮಂದಿರ ಹಾಗೆ. ಸಂಬಳದ ವಿಚಾರ ಅದಕ್ಕೆ ಸೇರಿದ್ದಲ್ಲ. ಈ ವಾರವೇ ಒಂದು ನೋಟುಬುಕ್ಕು ತೆಗೆದುಕೊಂಡು, ಕೆಲಸಕ್ಕೆ ಸೇರಿದ ದಿನ, ಮಾತಾದ ಸಂಬಳ, ಇದುವರೆಗೆ ಕೈಗೆ ಬಂದದ್ದು, ಎಲ್ಲ ತಾರೀಕಿನ ಸಹಿತ ಬರೆದು ತಾ. ಬರೆಯಲು ಬಾರದಿದ್ದರೆ ರಾತ್ರಿಶಾಲೆಗೆ ಬಾ, ಅಲ್ಲಿ ಕೂತು ಬರೆಯೋಣ. ನಿನ್ನ ಜೊತೆ ಕೆಲಸ ಮಾಡುವ ಉಳಿದ ನಾಲ್ವರನ್ನೂ ಕರೆದುಕೊಂಡು ಬಾ. ಭಾನುವಾರ ಮಧ್ಯಾಹ್ನ, ಊಟದ ಗಿರಾಕಿ ಕಡಿಮೆಯಾದ ಮೇಲೆ, ಸಂಘದ ಮೂವರು ನಿಮ್ಮ ಧನಿಗಳನ್ನು ಕಾಣಲು ಬರುತ್ತೇವೆ.