ಕೈಯಾಡಿಸಿ ಕಲಿಯುವ ಅಂಕಲಿಪಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆತನಗಳು ಒಂದೆಡೆ ಕೂಡಿದ ಈ ಶುಭದಿನ ನಾಲ್ಕು ಮಾತುಗಳನ್ನಾಡಲು ಅವಕಾಶವಿತ್ತುದಕ್ಕಾಗಿ ಸಂಘಕ್ಕೆ ಋಣಿಯಾಗಿದ್ದೇನೆ. ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೇಳುವುದನ್ನು ತಾವೆಲ್ಲರೂ ಬಲ್ಲಿರಿ. ನಾನಾದರೋ ಅಂಥ ದೊಡ್ಡ ಮಾತನ್ನು ಬಿಟ್ಟು, ನಾಲ್ಕೈದು ವರ್ಷದ ಮಗುವಿನ ಕೈಗೆ ಕೊಡುವ ಅಂಕಲಿಪಿಯನ್ನು ಕುರಿತು ಹೇಳಬಯಸುತ್ತೇನೆ.

ಮೊದಲು ನಮ್ಮ ಮನೆಗಳನ್ನೇ ನೋಡೋಣ. 1948ರವರೆಗೆ ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರ ಮೇ 1ರಿಂದ ನಾವು ಮಹಾರಾಷ್ಟ್ರದವರಾದೆವು. ಹೀಗಾಗಿ ಎಷ್ಟೋ ಮನೆಗಳಲ್ಲಿ ಮುತ್ತಜ್ಜ ಓದಿದ್ದು ಉರ್ದು, ತಂದೆ ಓದಿದ್ದು ಮರಾಠಿ. ಮನೆಯ ಮಾತು ಒಂದೇ. ಲಿಪಿ ಮಾತ್ರ ತಲೆಮಾರಿಗೊಂದು. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಅದು ನೆರೆಹೊರೆಯ ನುಡಿ, ಅನ್ನದ ನುಡಿ. ಆದರೆ ಒಲೆಯ ಮುಂದೆ ಕನ್ನಡದಲ್ಲಿಯೇ ಮಾತನಾಡುವ ತಾಯಿಯು ಮಗುವಿನ ಕನ್ನಡ ಪುಸ್ತಕವನ್ನು ತಾನು ಓದಲಾರದೆ ಸುಮ್ಮನೆ ಮಡಿಸಿಡುವುದನ್ನು ನಾನು ಕಂಡಿದ್ದೇನೆ. ಆ ತಾಯಿಗಾಗಿಯೇ ಈ ಮಾತು.

ದೇವನಾಗರಿಯನ್ನು ಬಲ್ಲವರಿಗೆ ಕನ್ನಡ ಲಿಪಿ ಕಠಿಣವೇನಲ್ಲ. ಸ್ವರ, ವರ್ಗೀಯ ವ್ಯಂಜನ, ಅವರ್ಗೀಯ ವ್ಯಂಜನಗಳ ಕ್ರಮ ಬಹುಮಟ್ಟಿಗೆ ಒಂದೇ. ತೊಡಕು ಬರುವುದು ಎರಡು ಕಡೆಗೆ. ಮರಾಠಿಯಲ್ಲಿ 'ಘರ' ಎಂದು ಬರೆದು 'ಘರ್' ಎಂದು ಓದುತ್ತಾರೆ. ಆ ರೂಢಿಯಿಂದ ಮಗು ನಮ್ಮ 'ಮರ'ವನ್ನು 'ಮರ್' ಎಂದು ಓದುತ್ತದೆ. ಎರಡನೆಯದು ಇನ್ನೂ ದೊಡ್ಡದು. ಮರಾಠಿಯ ಬರಹದಲ್ಲಿ 'ಎ' ಮತ್ತು 'ಏ' ಎಂಬ ಭೇದವಿಲ್ಲ. 'ಒ' ಮತ್ತು 'ಓ' ಎಂಬ ಭೇದವೂ ಇಲ್ಲ. ಕನ್ನಡದಲ್ಲಾದರೋ 'ಒಲೆ'ಯೇ ಬೇರೆ, 'ಓಲೆ'ಯೇ ಬೇರೆ. ತೊಗರಿಯ ಈ ಸೀಮೆಯಲ್ಲಿ 'ಬೆಳೆ' ಹೊಲದಲ್ಲಿರುತ್ತದೆ, 'ಬೇಳೆ' ಗಡಿಗೆಯಲ್ಲಿರುತ್ತದೆ! ಈ ಭೇದವನ್ನು ಮರಾಠಿಯ ರೂಢಿಯ ಬರಹದಲ್ಲಿ ತೋರಿಸಲು ಬಾರದು.

ಹಾಗಾದರೆ ತೋರಿಸುವ ಬಗೆ ಯಾವುದು? ಒಂದು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ 'ಬೆಳೆ' ಎಂದು ಬರೆಯಿರಿ. 'ಬೆ' ಆದ ಕೂಡಲೇ ಒಂದು ಸಣ್ಣ ಕಿಂಡಿ, ಅದರ ಕೆಳಗೆ ಚಿತ್ರಕ್ಕಾಗಿ ದೊಡ್ಡದೊಂದು ಕಿಂಡಿ ಕತ್ತರಿಸಿರಿ. ಹಿಂದಿನಿಂದ ಅಡ್ಡಲಾಗಿ ಸರಿದಾಡುವ ಅಗಲವಾದ ಪಟ್ಟಿಯೊಂದಿರಲಿ. ಪಟ್ಟಿ ಮೊದಲ ನೆಲೆಯಲ್ಲಿದ್ದಾಗ ಮೇಲಿನ ಕಿಂಡಿ ಬರಿದು, ಕೆಳಗೆ ತೊಗರಿಯ ಹೊಲ. ಮಗು ಪಟ್ಟಿಯನ್ನೆಳೆದೊಡನೆ ಮೇಲೆ ದೀರ್ಘದ ಚಿಹ್ನೆ ಬಂದು 'ಬೇಳೆ'ಯಾಗುತ್ತದೆ, ಕೆಳಗೆ ಬೇಳೆಯ ಗಡಿಗೆ ಕಾಣುತ್ತದೆ. ಅಕ್ಷರ ಬಾರದ ತಾಯಿಗೂ ಚಿತ್ರ ತಿಳಿಯುತ್ತದೆ. ಎರಡೂ ಮಾತುಗಳನ್ನು ಅವಳ ನಾಲಿಗೆ ಎಂದಿನಿಂದಲೋ ಬಲ್ಲದು. ಚಿತ್ರದಿಂದ ನಾಲಿಗೆಗೆ, ನಾಲಿಗೆಯಿಂದ ಅಕ್ಷರಕ್ಕೆ ಬಂದು ತಾಯಿ-ಮಕ್ಕಳಿಬ್ಬರೂ ಒಂದೇ ಪುಟದಲ್ಲಿ ಕಲಿಯುತ್ತಾರೆ.

ಇದರಂತೆಯೇ ಕಾಗುಣಿತಕ್ಕೊಂದು ಚಕ್ರವನ್ನು ಮಾಡಬಹುದು: ಕೆಳಗಿನ ಬಿಲ್ಲೆಯ ಸುತ್ತ ಕ, ಕಾ, ಕಿ, ಕೀ ಎಂದು ಬರೆದು, ಮೇಲಿನ ಬಿಲ್ಲೆಯ ಕಿಂಡಿಯಲ್ಲಿ ಒಂದೊಂದಾಗಿ ಕಾಣುವಂತೆ ಮಾಡಿದರಾಯಿತು. ಅಂಟಿನಿಂದ ಅಕ್ಷರ ಬರೆದು ಮೇಲೆ ಸಣ್ಣ ಮರಳು ಉದುರಿಸಿದರೆ, ಒಣಗಿದ ಮೇಲೆ ಮಗು ಬೆರಳಿನಿಂದ ತಿದ್ದುತ್ತದೆ. ದೇವನಾಗರಿಯ ಅಕ್ಷರ ಗೆರೆಗೆ ತೂಗುಬಿದ್ದಿರುತ್ತದೆ. ನಮ್ಮದು ಜೋಳದ ಕಾಳಿನಂತೆ ದುಂಡಗಿರುತ್ತದೆ. ಆ ದುಂಡು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು.

ಇದು ಹೊಸ ಮಾತಲ್ಲ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿದವರು ನಮ್ಮ ಹಿರಿಯರೇ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮಾರಿಯಾ ಮಾಂಟೆಸರಿಯವರು ಉಪ್ಪುಕಾಗದದ ಅಕ್ಷರಗಳನ್ನು ಮುಟ್ಟಿಸಿ ಕಲಿಸಿದರು. 1939ರಲ್ಲಿ ಅವರು ಭಾರತಕ್ಕೂ ಬಂದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಅ-ಆ-ಇ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಸುಲಭ ಅಕ್ಷರಗಳಿಂದ ತೊಡಗಿತು. ಐದು ಅಕ್ಷರ ಬಂದೊಡನೆ 'ಅರಸ', 'ಸರ' ಎಂದು ಓದಿದ ಮಗುವಿನ ಹಿಗ್ಗನ್ನು ಊಹಿಸಿರಿ!

ಈಗ ಮೊಬೈಲಿನಲ್ಲಿಯೂ ಮುಟ್ಟಿದರೆ ನುಡಿಯುವ ಅಕ್ಷರಗಳಿವೆ. ಅವುಗಳನ್ನು ಹಳಿಯಲಾರೆ, ಓದಬಲ್ಲವರಿಲ್ಲದ ಮನೆಯಲ್ಲಿ ಅಕ್ಷರದ ಉಚ್ಚಾರವನ್ನು ಕೇಳಲು ಅವು ಉಪಕಾರಿ. ಆದರೆ ಗಾಜಿನ ಮೇಲೆ ಮರಳಿನ ಸ್ಪರ್ಶವಿಲ್ಲ, ತೊಡೆಯ ಬಿಸುಪೂ ಇಲ್ಲ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತಂದಿದೆ. ಆದರೆ ವಿಧಿಯೂ ಪಠ್ಯವೂ ಶಾಲೆಯ ಬಾಗಿಲಿನವರೆಗೆ ಬರುತ್ತವೆ. ಹೊಸ್ತಿಲೊಳಗಿನ ಕೆಲಸ ನಮ್ಮದು. ಮನೆಯಲ್ಲಿ ಅಕ್ಷರದ ರುಚಿ ಕಾಣದ ಮಗು ಕನ್ನಡ ಶಾಲೆಗೆ ಹೇಗೆ ಬಂದೀತು? ಮಕ್ಕಳೇ ಇಲ್ಲದ ಶಾಲೆಯನ್ನು ಯಾವ ವಿಧಿ ಉಳಿಸೀತು?

ಆದುದರಿಂದ ನನ್ನದೊಂದು ಬಿನ್ನಹ. ಮುಂದಿನ ವಾರ್ಷಿಕೋತ್ಸವಕ್ಕೆ ಮನೆಗೊಂದು ಅಂಕಲಿಪಿಯನ್ನು ತಾವೇ ಮಾಡಿ ತನ್ನಿರಿ. ಜೋಳ, ತೊಗರಿ, ಎತ್ತು, ಬಂಡಿ, ಅವ್ವ, ಅಜ್ಜ, ಎಲ್ಲವೂ ಅದರಲ್ಲಿರಲಿ. ಬಹುಮಾನವನ್ನು ಅಂದವಾದ ಪುಸ್ತಕಕ್ಕೆ ಕೊಡುವುದು ಬೇಡ. ಮಗುವಿನ ಕೈಯಲ್ಲಿ ಆಡಿ ಆಡಿ ಹರಿದುಹೋದ ಪುಸ್ತಕಕ್ಕೇ ಕೊಡೋಣ.